ಹಿಂದಿನ ಸಾಲಿನ ಜಗಳ

“ಹಿಂದೆ ನಿಲ್ಸೋದು ಅಂದ್ರೆ ಏನರ್ಥ ಅತ್ತೆ? ನೀವೇ ಹೇಳಿ,” ಎಂದು ಅಳಿಯಂದಿರು ಕೇಳಿದಾಗ ನಾನು ಹುಳಿ ಬಡಿಸುತ್ತಿದ್ದೆ. ಉತ್ತರಕ್ಕೆ ಅವರು ಕಾಯಲಿಲ್ಲ. ಪ್ರಶ್ನೆ ಎನ್ನುವುದು ಅವರಿಗೆ ಮಾತು ಶುರು ಮಾಡುವ ಒಂದು ವಿಧಾನ, ಅಷ್ಟೇ. “ಎಲ್ಲಿ ಹೋದ್ರೂ ನಮ್ಮವರನ್ನ ಹಿಂದೇನೇ ಇಡ್ತಾರೆ. ಆಫೀಸಲ್ಲಿ ಕೋಡ್ ಬರಿಯೋರು ನಾವು, ಕ್ಲೈಂಟ್ ಮುಂದೆ ನಿಂತು ಮಾತಾಡೋರು ಅವರು. ಈಗ ಗ್ರೌಂಡಲ್ಲೂ ಅದೇ ಕಥೆ.”

“ಡ್ಯಾಡ್, ಹಾಫ್ ಬ್ಯಾಕ್ ಈಸ್ ನಾಟ್ ಎ ಪನಿಷ್‌ಮೆಂಟ್,” ಎಂದಳು ಮೊಮ್ಮಗಳು, ತಟ್ಟೆಯಿಂದ ತಲೆ ಎತ್ತದೆ.

“ಗೋಲ್ ಹೊಡಿಯೋರನ್ನ ಎಲ್ಲರೂ ನೋಡ್ತಾರೆ. ತಡಿಯೋರನ್ನ ಯಾರು ನೋಡ್ತಾರೆ?”

“ಬಾಗಿಲು ಕಾಯೋರು ಇಲ್ಲದಿದ್ರೆ ಮನೆ ಉಳಿಯತ್ತಾ?” ಎಂದೆ ನಾನು.

“ಬೆಂಗಳೂರಲ್ಲಿ ನಿಮ್ಮ ಅಪಾರ್ಟ್‌ಮೆಂಟ್ ವಾಚ್‌ಮನ್‌ಗೂ ಇದನ್ನೇ ಹೇಳ್ತಿದ್ರಿ ಅನ್ಸತ್ತೆ,” ಎಂದು ಅವರು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು. ಹುಳಿ ಸಾಕು ಎಂದೋ, ಮಾತು ಸಾಕು ಎಂದೋ, ನಾನು ಕೇಳಲಿಲ್ಲ.

ನಾವಿಬ್ಬರೂ ಒಬ್ಬರನ್ನೊಬ್ಬರು ಇಷ್ಟಪಡುವುದಿಲ್ಲ. ಇದನ್ನು ಬರೆಯಲು ನನಗೆ ಸಂಕೋಚವಿಲ್ಲ. ಓದಿದರೆ ಅವರಿಗೂ ಆಶ್ಚರ್ಯವಾಗದು. ನನ್ನವರು ಹೋದ ಮೇಲೆ ನಾನು ಸಿಡ್ನಿಗೆ ಬಂದು, ದಿ ಪಾಂಡ್ಸ್ ಎಂಬ ಈ ಸಬರ್ಬ್‌ನಲ್ಲಿ ಮಗಳ ಮನೆ ಸೇರಿದೆ. ಮಗಳು ವೆಸ್ಟ್‌ಮೀಡ್ ಆಸ್ಪತ್ರೆಯಲ್ಲಿ ಡಾಕ್ಟರ್. ಅವಳ ಡ್ಯೂಟಿಗೆ ಶನಿವಾರ, ಭಾನುವಾರ ಎಂಬ ಭೇದವಿಲ್ಲ. ಹಾಗಾಗಿ ಮನೆಯೊಳಗೆ ಹೆಚ್ಚು ಹೊತ್ತು ಎದುರುಬದುರಾಗುವವರು ನಾನು ಮತ್ತು ಮೈಸೂರಿನ ಈ ಸಾಫ್ಟ್‌ವೇರ್ ಮಹಾಶಯರು. ನಮ್ಮ ನಡುವೆ ಹದಿನಾಲ್ಕು ವರ್ಷದ ಮೊಮ್ಮಗಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಅವಳಾಡುವುದು ಫುಟಿ, ಅಂದರೆ ಇಲ್ಲಿನವರದೇ ಆದ ಆಸ್ಟ್ರೇಲಿಯನ್ ಫುಟ್ಬಾಲ್. ಮೊದಲ ಸಲ ನೋಡಿದಾಗ ನನಗೆ ಅದು ಆಟವೋ ಬಸ್ ಹತ್ತುವ ನೂಕಾಟವೋ ತಿಳಿಯಲಿಲ್ಲ. ಮೊಟ್ಟೆಯಾಕಾರದ ಮೈದಾನ, ಮೊಟ್ಟೆಯಾಕಾರದ ಚೆಂಡು, ಎರಡು ತುದಿಗೂ ನಾಲ್ಕು ನಾಲ್ಕು ಕಂಬ. ಒದ್ದ ಚೆಂಡನ್ನು ಗಾಳಿಯಲ್ಲೇ ಹಿಡಿದರೆ ಅದಕ್ಕೆ ಮಾರ್ಕ್ ಅನ್ನುತ್ತಾರೆ. ಹಿಡಿದವಳನ್ನು ಯಾರೂ ಮುಟ್ಟುವಂತಿಲ್ಲ, ನಿಂತು ನಿಧಾನವಾಗಿ ಒದೆಯಬಹುದು. ಜೊತೆಯವರಿಗೆ ಕೈಯಿಂದ ಕೊಡಬೇಕೆಂದರೆ ಒಂದು ಅಂಗೈಯಲ್ಲಿ ಚೆಂಡಿಟ್ಟು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಬೇಕು. ಎಸೆದರೆ ತಪ್ಪು, ಚೆಂಡು ಎದುರಾಳಿಗೆ. ಇಷ್ಟು ತಿಳಿದರೆ ಸಾಕು. ನನಗೂ ಇಷ್ಟೇ ತಿಳಿದಿರುವುದು.

ಆ ಹಿಡಿಯುವ ಕೈ ಅವಳಿಗೆ ನನ್ನಿಂದ ಬಂದದ್ದು. ಅವಳು ಪುಟ್ಟವಳಿದ್ದಾಗ ಹಿತ್ತಲಲ್ಲಿ ಬಟ್ಟೆ ಒಣಗಿಸುವ ಹಗ್ಗವನ್ನೇ ನೆಟ್ ಮಾಡಿಕೊಂಡು ಇಬ್ಬರೂ ಥ್ರೋಬಾಲ್ ಆಡುತ್ತಿದ್ದೆವು. ಕಾನ್ವೆಂಟಿನಲ್ಲಿ ನಮ್ಮ ಗೇಮ್ಸ್ ಸಿಸ್ಟರ್, ಬಿಳಿ ಅಂಗಿಯ ತೋಳು ಮಡಚಿ, ಐರಿಷ್ ಇಂಗ್ಲಿಷಿನಲ್ಲಿ ಬೈಯುತ್ತಾ ಕಲಿಸಿದ್ದು ನನಗೆ ಇನ್ನೂ ಮೈಯಲ್ಲಿದೆ. ತಲೆಯ ಮೇಲೆ ಎರಡೂ ಕೈಯಲ್ಲಿ ಹಿಡಿ, ಎದೆಗೆ ಒತ್ತಬೇಡ, ಹಿಡಿದ ಉಸಿರಲ್ಲೇ ಎಸೆ. ದಪ್ಪ ಕನ್ನಡಕದ ನನ್ನನ್ನು ಹಿಂದಿನ ಸಾಲಿನ ಮೂಲೆಗೆ ಹಾಕಿದಾಗ ನಾನು ಅತ್ತಿದ್ದೆ. “ಡೋಂಟ್ ಬಿ ಎ ಗೂಸ್, ಚೈಲ್ಡ್. ಮುಂದೆ ನಿಂತವಳಿಗೆ ನೆಟ್ ಒಂದೇ ಕಾಣೋದು,” ಎಂದಿದ್ದರು. ಆ ಮೂಲೆಯಿಂದ ಕೋರ್ಟೆಲ್ಲಾ ಕಾಣುತ್ತಿತ್ತು, ಯಾರ ಭುಜ ಯಾವ ಕಡೆ ತಿರುಗಿತು, ಚೆಂಡು ಎಲ್ಲಿಗೆ ಬರುತ್ತದೆ ಎಂಬುದೆಲ್ಲಾ. ಆ ಕೋರ್ಟಿನ ಕೆಮ್ಮಣ್ಣು ಈಗ ಯಾವ ಕಾರ್ ಪಾರ್ಕಿನ ಕೆಳಗಿದೆಯೋ.

ಮೊಮ್ಮಗಳೂ ಹಾಗೇ. ಎದುರಿನವರು ಚೆಂಡು ಒದೆಯುವ ಮೊದಲೇ ಅವಳು ಅದು ಬೀಳುವ ಜಾಗಕ್ಕೆ ಹೊರಟಿರುತ್ತಾಳೆ. ಕೋಚ್ ಇದನ್ನು ಗಮನಿಸಿ ಹಾಫ್ ಬ್ಯಾಕ್‌ಗೆ ಹಾಕಿದಳು. ಅಂದರೆ ನಮ್ಮ ಕಡೆಯ ಕಂಬಗಳ ಮುಂದೆ, ಎದುರಾಳಿಯ ಚೆಂಡನ್ನು ದಾರಿಯಲ್ಲೇ ಕಸಿದು ವಾಪಸ್ ಕಳಿಸುವ ಜಾಗ. ಕೋಚ್ ಮೆಲ್ಬರ್ನಿನಲ್ಲಿ ಹುಟ್ಟಿ ಬೆಳೆದ ಹೆಂಗಸು, ವಾರದ ದಿನಗಳಲ್ಲಿ ರೌಸ್ ಹಿಲ್ ಕಡೆ ಮನೆ ಮಾರುವ ಏಜೆಂಟ್. ಅವಳನ್ನೂ ನಾನು ಅಷ್ಟೇನೂ ಮೆಚ್ಚಿದವಳಲ್ಲ. ನನ್ನ ಜೊತೆ ಮಾತಾಡುವಾಗ ಕಿವುಡಿಯ ಹತ್ತಿರ ಮಾತಾಡುವಂತೆ ಬಿಡಿಬಿಡಿಯಾಗಿ ಕಿರುಚುತ್ತಾಳೆ.

ಜುಲೈ ತಿಂಗಳ ಚಳಿಗಾಲದ ರಜೆಯಲ್ಲಿ ಟೀಮು ಮೆಲ್ಬರ್ನಿಗೆ ಹೋಗುವುದಿತ್ತು. ಬೇರೆ ಬೇರೆ ಊರಿನ ಹುಡುಗಿಯರ ಟೀಮುಗಳ ಪಂದ್ಯ. ನೋಡಲು ಸೆಲೆಕ್ಟರ್‌ಗಳು ಬರುತ್ತಾರೆ, ಮುಂದಿನ ಟ್ರೈನಿಂಗ್‌ಗೆ ಒಂದಷ್ಟು ಜನರನ್ನು ಆರಿಸುತ್ತಾರೆ. ಮೊಮ್ಮಗಳಿಗೆ ಅದೊಂದೇ ಧ್ಯಾನ. ಅಪ್ಪನಿಗೂ ಅದೇ ಧ್ಯಾನ, ಆದರೆ ಸೆಲೆಕ್ಟರ್‌ಗಳ ಕಣ್ಣಿಗೆ ಬೀಳಬೇಕಾದರೆ ಎದುರಾಳಿಯ ಕಂಬಗಳ ಮುಂದೆ ಫುಲ್ ಫಾರ್ವರ್ಡ್ ಆಡಲೇಬೇಕು, ಗೋಲ್ ಹೊಡೆಯಲೇಬೇಕು ಎಂದು ಅವರ ವಾದ.

ಇಲ್ಲಿ ಹುಟ್ಟಿದ ಅಪ್ಪನಾಗಿದ್ದರೆ ಏನು ಮಾಡುತ್ತಿದ್ದನೋ ಗೊತ್ತಿಲ್ಲ. ನಮ್ಮ ಅಳಿಯಂದಿರು ಮಗುವಿನ ಎಲ್‌ಕೆಜಿ ಸೀಟು ಕೇಳಲು ಹೋದ ಹಾಗೆ ಕೋಚ್ ಹತ್ತಿರ ಹೋದರು. ಶನಿವಾರ ಬೆಳಿಗ್ಗೆ, ಮೈಮೇಲೆ ಒಗೆದ ಷರ್ಟು, ಕೈಯಲ್ಲಿ ಎರಡು ಕೆಜಿ ತುಪ್ಪದ ಮೈಸೂರು ಪಾಕಿನ ಡಬ್ಬ. ಟ್ರೈನಿಂಗ್ ನಡುವೆ, ನಾನು ಪಕ್ಕದಲ್ಲಿರುವಾಗಲೇ, ಕೋಚ್ ಕೈಗೆ ಅದನ್ನಿಟ್ಟು, “ಜಸ್ಟ್ ಎ ಸ್ಮಾಲ್ ಥಿಂಗ್ ಫ್ರಮ್ ಅವರ್ ಫ್ಯಾಮಿಲಿ” ಎಂದರು. ಅವಳು ಅಲ್ಲೇ ಮುಚ್ಚಳ ತೆಗೆದಳು.

“ಏನು ವಿಶೇಷ? ಹಬ್ಬವಾ?”

“ಇಲ್ಲ, ಇಲ್ಲ. ಒಂದು ಸ್ಮಾಲ್ ರಿಕ್ವೆಸ್ಟ್. ಮಗಳ ಪೊಸಿಷನ್ ಬಗ್ಗೆ.”

ಅವಳು ಒಂದು ತುಂಡು ಬಾಯಿಗೆ ಹಾಕಿಕೊಂಡು, ಜಗಿಯುತ್ತಲೇ ಅಳಿಯಂದಿರನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಆಮೇಲೆ ಡಬ್ಬವನ್ನು ಹುಡುಗಿಯರ ಗುಂಪಿನ ಕಡೆ ಚಾಚಿ, ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದಳು: “ಬನ್ನಿ ಗರ್ಲ್ಸ್, ಫಡ್ಜ್ ಬಂದಿದೆ. ಇವಳ ಡ್ಯಾಡ್ ಇವಳಿಗೆ ಫುಲ್ ಫಾರ್ವರ್ಡ್ ಬೇಕು ಅಂತಾರೆ.” ಫಡ್ಜ್ ಎಂದರೆ ಇಲ್ಲಿನವರ ಒಂದು ಬರ್ಫಿ. ಆಮೇಲೆ ಅಳಿಯಂದಿರ ಕಡೆ ತಿರುಗಿ ತಣ್ಣಗೆ ಹೇಳಿದಳು, “ಮೆಲ್ಬರ್ನಿನಲ್ಲಿ ಮೊದಲ ಪಂದ್ಯ ಮುಂದೆ ಆಡಲಿ. ಆಗ ನಮಗೆಲ್ಲಾ ಗೊತ್ತಾಗತ್ತೆ.”

ಟ್ರೈನಿಂಗ್ ಮುಗಿದ ಮೇಲೆ ಅಳಿಯಂದಿರು ಗೆದ್ದವರಂತೆ ಕಾರಿಗೆ ಬಂದರು. ಹಿಂದಿನ ಸೀಟಿನಲ್ಲಿ ಮೊಮ್ಮಗಳು ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡಿದ್ದಳು.

“ದೇ ಆರ್ ಕಾಲಿಂಗ್ ಮಿ ಫಡ್ಜ್,” ಎಂದಳು.

“ತಿಂದವರು ಅವರು ತಾನೆ? ಇರಲಿ ಬಿಡು,” ಎಂದರು ಅಪ್ಪ.

ಮಗಳಿಗೆ ಮೆಲ್ಬರ್ನಿಗೆ ಬರಲಾಗಲಿಲ್ಲ, ರಜೆ ಸಿಗಲಿಲ್ಲ. ನಾವು ಮೂವರೇ. ಆ ಊರಿನ ಚಳಿಗೆ ಮರ್ಯಾದೆಯೇ ಇಲ್ಲ. ಸಿಡ್ನಿಯ ಚಳಿ ಬಾಗಿಲು ತಟ್ಟಿ ಬರುತ್ತದೆ. ಇದು ಒಳಗೇ ಕೂತಿರುತ್ತದೆ. ಸಿಡ್ನಿಯ ನಮ್ಮ ಭಾಗದಲ್ಲಿ ಈ ಆಟವನ್ನು ಕೇಳುವವರೇ ಕಡಿಮೆ, ರಗ್ಬಿಯದೇ ದರ್ಬಾರು. ಮೆಲ್ಬರ್ನಿನಲ್ಲಿ ಬೆಳಿಗ್ಗೆ ಕಾಫಿ ಕೊಟ್ಟ ಹುಡುಗಿಯೂ, “ಯಾವ ಪೊಸಿಷನ್ ಆಡ್ತೀಯಾ?” ಎಂದು ಮೊಮ್ಮಗಳನ್ನು ಕೇಳಿದಳು. ಮೊಮ್ಮಗಳು ಬಾಯಿ ತೆರೆಯುವ ಮೊದಲೇ ಅಪ್ಪ, “ಫುಲ್ ಫಾರ್ವರ್ಡ್” ಎಂದರು.

ಮೈದಾನದ ಬೇಲಿಯ ಹತ್ತಿರ ನಾವಿಬ್ಬರೂ ಅಕ್ಕಪಕ್ಕ ನಿಂತೆವು, ನಡುವೆ ಅವರ ಬ್ಯಾಗು. ಕೈಯಲ್ಲಿ ಪೈ ಎಂಬ ಬಿಸಿ ಕಡುಬು ಹಿಡಿದ ಇಬ್ಬರು ಸೆಲೆಕ್ಟರ್‌ಗಳು ಸ್ವಲ್ಪ ದೂರದಲ್ಲಿದ್ದರು. ಆಟ ಶುರುವಾಯಿತು. ಹಿಂದೆ ನಿಂತಾಗ ಚೆಂಡು ಅವಳ ಮುಖಕ್ಕೆ ಬರುತ್ತಿತ್ತು, ಎಲ್ಲಾ ಕಣ್ಣ ಮುಂದೆ. ಇಲ್ಲಿ ಕಂಬಗಳಿಗೆ ಬೆನ್ನು ಕೊಟ್ಟು ನಿಂತಿದ್ದಾಳೆ. ಅವಳಿಗಿಂತ ಒಂದು ಗೇಣು ಎತ್ತರದ ಹುಡುಗಿ ಹಿಂದಿನಿಂದ ಮೊಣಕೈ ಒತ್ತುತ್ತಿದ್ದಾಳೆ, ಕಿವಿಯಲ್ಲಿ ಏನೋ ಹೇಳುತ್ತಿದ್ದಾಳೆ. ನೋಡುವ ಜಾಗದಿಂದ ಕಿತ್ತು ನೋಡಿಸಿಕೊಳ್ಳುವ ಜಾಗದಲ್ಲಿ ಮಗುವನ್ನು ನಿಲ್ಲಿಸಿದ ಹಾಗಿತ್ತು.

ಕೊನೆಗೊಮ್ಮೆ ಚೆಂಡು ಬಂತು. ನೂಕಾಟದೊಳಗಿಂದಲೇ ಎದ್ದು ತಲೆಯ ಮೇಲೆ ಎರಡೂ ಕೈಯಲ್ಲಿ ಹಿಡಿದಳು, ಚೊಕ್ಕವಾಗಿ. ಕಂಬಗಳು ಹತ್ತಿರವೇ ಇದ್ದವು. ನಿಂತು ಒದ್ದರೆ ಗೋಲು. ಆದರೆ ಪಕ್ಕದಿಂದ ಜೊತೆಯವಳೊಬ್ಬಳು, “ಹಿಯರ್, ಫಡ್ಜ್,” ಎಂದು ಕೂಗುತ್ತಾ ಓಡಿದಳು, ಬೆನ್ನಿಗೆ ಆ ಎತ್ತರದವಳ ಉಸಿರು. ಮೊಮ್ಮಗಳು ಹಿಡಿದ ಉಸಿರಲ್ಲೇ, ತಲೆಯ ಮೇಲಿಂದಲೇ, ಎರಡೂ ಕೈಯಲ್ಲಿ ಚೆಂಡನ್ನು ಎಸೆದುಬಿಟ್ಟಳು.

ಅಂಪೈರ್ ಸೀಟಿ ಊದಿದ. ಎದುರಾಳಿ ಟೀಮಿನ ತಾಯಂದಿರು ನಕ್ಕರು. “ವಾಲಿಬಾಲ್ ಪಕ್ಕದ ಗ್ರೌಂಡಲ್ಲಿ ಕಣಮ್ಮಾ,” ಎಂದು ಒಬ್ಬಳು ಇಂಗ್ಲಿಷಿನಲ್ಲಿ ಕೂಗಿದಳು.

“ನೋಡಿದ್ರಾ?” ಅಳಿಯಂದಿರು ನನ್ನ ಕಡೆ ಪೂರ್ತಿ ತಿರುಗಿದರು. “ನಿಮ್ಮ ಥ್ರೋಬಾಲ್. ಹಿತ್ತಲಲ್ಲಿ ಹಗ್ಗ ಕಟ್ಟಿ ಕಲಿಸಿದ್ರಲ್ಲ, ತಗೊಳ್ಳಿ.”

“ಹಿಂದೆ ಆಡುವಾಗ ಒಂದು ಸಲವಾದ್ರೂ ಎಸೆದಿದ್ಲಾ? ನೀವೇ ತಾನೆ ಪ್ರತಿ ಶನಿವಾರ ವಿಡಿಯೋ ತೆಗಿಯೋರು.”

“ನಿಮಗೆ ಅವಳು ಹಿಂದೆ ಇದ್ರೇನೇ ಖುಷಿ. ನೀವು ಹಿಂದಿದ್ರಿ, ಅವಳೂ ಹಿಂದಿರ್ಬೇಕು.”

“ಮಿಠಾಯಿ ಕೊಟ್ಟು ಮಗಳ ಹೆಸರು ಕೆಡಿಸಿದೋರು ನಾನಲ್ಲ,” ಎಂದೆ. ನನ್ನ ದನಿ ಏರಿತ್ತು. ನಮ್ಮ ಕನ್ನಡ ಅಲ್ಲಿ ಯಾರಿಗೂ ತಿಳಿಯದು, ಆದರೆ ಜಗಳಕ್ಕೆ ಟ್ರಾನ್ಸ್‌ಲೇಷನ್ ಬೇಕಿಲ್ಲ. ಸೆಲೆಕ್ಟರ್‌ಗಳಲ್ಲೊಬ್ಬ ಪೈ ಕಚ್ಚುವುದನ್ನು ನಿಲ್ಲಿಸಿ ನಮ್ಮನ್ನು ನೋಡಿದ. ಮೈದಾನದ ಒಳಗಿಂದ ಮೊಮ್ಮಗಳೂ ನೋಡುತ್ತಿದ್ದಳು. ಚೆಂಡು ಅವಳ ಪಕ್ಕದಲ್ಲೇ ಹಾದುಹೋಯಿತು.

ಮೊದಲ ಪಂದ್ಯ ಸೋತರು. ಅಳಿಯಂದಿರು ಬೇಲಿಯ ಬಾಗಿಲಿಗೆ ಹೋಗುವಷ್ಟರಲ್ಲಿ ಅವಳು ಅವರನ್ನು ದಾಟಿ, ನನ್ನನ್ನೂ ದಾಟಿ, ನೇರ ಕೋಚ್ ಹತ್ತಿರ ಹೋದಳು. ನಾವು ಕೇಳಿಸಿಕೊಳ್ಳುವಷ್ಟು ಹತ್ತಿರದಲ್ಲಿದ್ದೆವು.

“ನನಗೆ ಹಾಫ್ ಬ್ಯಾಕ್ ವಾಪಸ್ ಬೇಕು,” ಎಂದಳು ಇಂಗ್ಲಿಷಿನಲ್ಲಿ.

“ಆ ಜಾಗದಲ್ಲಿ ಈಗ ಬೇರೆಯವಳಿದ್ದಾಳೆ, ಚೆನ್ನಾಗೇ ಆಡಿದಾಳೆ,” ಎಂದಳು ಕೋಚ್. “ಮುಂದೆ ಆಡ್ತೀನಿ ಅಂದ್ರೆ ಮುಂದಿನ ಪಂದ್ಯದಲ್ಲೂ ನಿನಗೆ ಜಾಗ ಇದೆ. ಹಿಂದೆ ಬೇಕು ಅಂದ್ರೆ ಕಾಯಬೇಕು. ಪೂರ್ತಿ ಪಂದ್ಯ ಬೆಂಚ್ ಮೇಲೆ ಕೂರಬೇಕಾಗಬಹುದು.”

“ಕೂರ್ತೀನಿ.”

“ಏಯ್, ಸೆಲೆಕ್ಟರ್ಸ್ ನೋಡ್ತಿದಾರೆ ಕಣೇ,” ಎಂದರು ಅಪ್ಪ, ಅಂಗಲಾಚುವ ದನಿಯಲ್ಲಿ. ಆ ದನಿಯನ್ನು ನಾನು ಅವರ ಬಾಯಲ್ಲಿ ಹಿಂದೆ ಕೇಳಿರಲಿಲ್ಲ.

“ಪುಟ್ಟೀ,” ಎಂದು ನಾನು ಶಾಲು ಚಾಚಿದೆ. ಅವಳು ಅದನ್ನು ತೆಗೆದುಕೊಳ್ಳಲಿಲ್ಲ.

“ಯೂ ಟೂ ಗೋ,” ಎಂದಳು. ಅವಳ ತುಟಿ ನೀಲಿಗಟ್ಟಿತ್ತು, ಅಳುತ್ತಿರಲಿಲ್ಲ. “ಬೋತ್ ಆಫ್ ಯೂ. ಕಾರಲ್ಲಿ ಕೂತ್ಕೊಳ್ಳಿ, ರೂಮಿಗೆ ಹೋಗಿ, ಐ ಡೋಂಟ್ ಕೇರ್. ನೀವು ನೋಡ್ತಿದ್ರೆ ನಾನು ಆಡಲ್ಲ.”

“ಅಜ್ಜಿಗೆ ಹೇಳು, ನಾನು ನಿನ್ನ ಅಪ್ಪ,” ಎಂದರು ಅಳಿಯಂದಿರು.

“ಬೋತ್,” ಎಂದಳು.

ಬಾಡಿಗೆ ಕಾರಿನಲ್ಲಿ ಅವರು ಮುಂದೆ, ನಾನು ಹಿಂದೆ ಕೂತೆವು. ಹೀಟರ್ ಹಾಕಿ ಎಂದು ನಾನು ಕೇಳಲಿಲ್ಲ, ಅವರು ಹಾಕಲಿಲ್ಲ. ಮೈದಾನ ಒಂದು ದಿಬ್ಬದ ಆಚೆಗಿತ್ತು. ಸೀಟಿ ಕೇಳುತ್ತಿತ್ತು, ಕೂಗು ಕೇಳುತ್ತಿತ್ತು, ಯಾರಿಗಾಗಿ ಕೂಗು ಎಂಬುದು ತಿಳಿಯುತ್ತಿರಲಿಲ್ಲ. ಪ್ರತಿ ಕೂಗಿಗೂ ಅವರ ಕೈ ಬಾಗಿಲಿನ ಹಿಡಿಯ ಮೇಲೆ ಹೋಗಿ ವಾಪಸ್ ಬರುತ್ತಿತ್ತು. ನಾನೂ ಹಿಡಿಯ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದೆ.

ಎರಡನೆಯ ಪಂದ್ಯದಲ್ಲಿ ಅವಳು ಕೂತಿದ್ದಳಂತೆ, ಕೊನೆಯ ತನಕ. ಮರುದಿನದ ಪಂದ್ಯದಲ್ಲಿ ಆ ಇನ್ನೊಬ್ಬಳ ಕಾಲು ಉಳುಕಿ ಇವಳು ಹಿಂದಕ್ಕೆ ಹೋದಳಂತೆ. ಈ ಅಂತೆಕಂತೆಯೆಲ್ಲಾ ನನಗೆ ಬಂದದ್ದು ಮಗಳ ಬಾಯಿಂದ, ಸಿಡ್ನಿಗೆ ವಾಪಸ್ ಬಂದ ಮೇಲೆ. ಅಮ್ಮನಿಗೆ ಫೋನಿನಲ್ಲಿ ಎಲ್ಲಾ ಹೇಳಿಕೊಂಡಿದ್ದಾಳೆ. ಎಷ್ಟೋ ಚೆಂಡನ್ನು ದಾರಿಯಲ್ಲೇ ಕಸಿದಳಂತೆ, ಒಂದನ್ನೂ ಎಸೆಯಲಿಲ್ಲವಂತೆ. ಟ್ರೈನಿಂಗ್‌ಗೆ ಆರಿಸಿದ್ದಾರೆ, ರಿಸರ್ವ್ ಆಗಿ. ಪೊಸಿಷನ್, ಹಾಫ್ ಬ್ಯಾಕ್.

“ರಿಸರ್ವ್,” ಎಂದರು ಅಳಿಯಂದಿರು. “ಮುಂದೆ ಆಡಿದ್ರೆ ಮೇನ್ ಟೀಮಲ್ಲೇ ಇರ್ತಿದ್ಲು.”

“ಮುಂದೆ ಆಡಿಯೇ ಬೆಂಚಿಗೆ ಹೋಗಿದ್ದು,” ಎಂದೆ.

“ಸಾಕು,” ಎಂದಳು ನನ್ನ ಮಗಳು, ನಮ್ಮಿಬ್ಬರಿಗೂ.

ಈಗ ಅವಳು ಡ್ಯೂಟಿ ಅದಲುಬದಲು ಮಾಡಿಕೊಂಡು ಶನಿವಾರ ತಾನೇ ಗ್ರೌಂಡಿಗೆ ಕರೆದುಕೊಂಡು ಹೋಗುತ್ತಾಳೆ. ನಾವಿಬ್ಬರೂ ಮನೆಯಲ್ಲಿ. ಅವರು ತೊಳೆದ ಕಾರನ್ನೇ ಮತ್ತೆ ತೊಳೆಯುತ್ತಾರೆ, ನಾನು ಕಿಟಕಿಯ ಹತ್ತಿರ ಬೀನ್ಸ್ ನಾರು ಬಿಡಿಸುತ್ತೇನೆ. ಅವರು ಕಾಫಿ ಮಾಡಿಕೊಂಡರೆ ಒಂದೇ ಕಪ್ಪು; ನಾನು ಮಾಡಿಕೊಂಡರೂ ಒಂದೇ. ಮಗಳ ಕಾರು ಬಂದಾಗ ಮಾತ್ರ ಇಬ್ಬರೂ ಬಾಗಿಲಿಗೆ ಬರುತ್ತೇವೆ.

“ಹೇಗಾಯ್ತು?” ಎಂದು ಕಳೆದ ವಾರ ಅವರು ಕೇಳಿದರು.

“ಗುಡ್,” ಎಂದು ಮೊಮ್ಮಗಳು ಬೂಟು ಬಿಚ್ಚಿ ಮಹಡಿ ಹತ್ತಿದಳು.

“ಅಷ್ಟೇ ಹೇಳೋದು,” ಎಂದರು ಅವರು ನನ್ನ ಕಡೆ ನೋಡದೆ. “ನಿಮ್ಮ ಟ್ರೈನಿಂಗ್.”

ನಾನು ಮೆಟ್ಟಿಲು ಹತ್ತುವವಳನ್ನೇ ನೋಡುತ್ತಿದ್ದೆ. ಕೆಸರು ಅವಳ ಮೊಣಕಾಲಿಗೂ ಅಂಗೈಗೂ ಮೆತ್ತಿತ್ತು, ಬೆನ್ನು ಮಾತ್ರ ಶುಭ್ರವಾಗಿತ್ತು. ಯಾರೂ ಅವಳನ್ನು ಹಿಂದಿನಿಂದ ದೂಡಿಲ್ಲ, ಚೆಂಡುಗಳೆಲ್ಲಾ ಎದುರಿನಿಂದಲೇ ಬಂದಿವೆ ಎಂದು ಅಷ್ಟರಿಂದಲೇ ತಿಳಿದುಕೊಂಡೆ. ಅಳಿಯಂದಿರಿಗೆ ಹೇಳಲಿಲ್ಲ.