ದೀನಾ ಬಾಯಿಗೆ ಸಿಕ್ಕ ತವರು

ಐವತ್ತು ದಾಟಿದ ಮೇಲೆ ತವರುಮನೆ ಸಿಗುವ ಭಾಗ್ಯ ಎಷ್ಟು ಹೆಂಗಸರಿಗಿದ್ದೀತು? ಸಪ್ತಾಪುರದ ದೀನಾ ಬಾಯಿಗೆ ಸಿಕ್ಕಿತು. ಮಿಶನ್ ಅನಾಥಾಲಯದಲ್ಲಿ ಬೆಳೆದು, ಅಲ್ಲಿಯ ಶಾಲೆಯಲ್ಲೇ ಕಲಿಸಿ ನಿವೃತ್ತಿಗೆ ಬಂದವಳು. ಹಡೆದವರ ಬಗ್ಗೆ ಯಾರಾದರೂ ಕೇಳಿದರೆ ಮಾತು ಮರೆಸುತ್ತಿದ್ದಳು.

೧೯೯೮ರ ಆಷಾಢದ ಕೊನೆಗೆ ರಾಯಾಪುರದ ಬೀರಲಿಂಗಪ್ಪ ಬಾಗಿಲಿಗೆ ಬಂದ. ಎಮ್ಮೆ ಕಟ್ಟಿ ಹಾಲು ಮಾರುವವ. ಐದು ದಶಕದ ಹಿಂದಿನ ಒಂದು ಮಳೆಗಾಲ ಅವನ ತಾಯಿ ಹೆರಿಗೆಯಲ್ಲಿ ತೀರಿಕೊಂಡಾಗ ಅಪ್ಪ ಹಸುಗೂಸು ತಂಗಿಯನ್ನು ಅನಾಥಾಲಯಕ್ಕೆ ಕೊಟ್ಟು ಬಂದಿದ್ದನಂತೆ. ಚರ್ಚಿನ ದಾಖಲೆಯ ಪ್ರಕಾರ ಆ ಮಳೆಗಾಲ ಬಂದ ಹೆಣ್ಣುಕೂಸು ಎರಡೇ. ಒಂದು ಕೂಸು ವಾರದೊಳಗೇ ಸತ್ತಿತ್ತು, ಇನ್ನೊಂದು ದೀನಾ. ಯಾವುದು ಯಾರದೆಂದು ಬರೆದಿರಲಿಲ್ಲ. ದೀಕ್ಷಾಸ್ನಾನ ಮಾಡಿಸಿ ಹೊಸ ಹೆಸರಿಟ್ಟ ಮೇಲೆ ಹಳೆಯದು ಯಾರಿಗೆ ಬೇಕಾಗಿತ್ತು? ಬೀರಲಿಂಗಪ್ಪನಿಗೆ ಮಾತ್ರ ಅನುಮಾನವೇ ಇರಲಿಲ್ಲ.

“ಪಂಚಮಿಗೆ ಕರಿಯಾಕ ಬಂದೇನವಾ ತಂಗಿ. ನಡಿ, ಮನಿಗೆ ಹೋಗೂಣು,” ಎಂದ.

ಅಂದಿನಿಂದ ಪ್ರತಿ ನಾಗರಪಂಚಮಿಗೂ ಆಕೆ ರಾಯಾಪುರದಲ್ಲಿ. ಅವನ ಹೆಂಡತಿ ದುರಗವ್ವ ಶೇಂಗಾ ಉಂಡಿ ಕಟ್ಟಿಕೊಟ್ಟು, ಉಡಿ ತುಂಬಿ ಕಳಿಸುವಳು. ಚರ್ಚಿನಲ್ಲಿ ಕೆಲವರು ಮೂಗು ಮುರಿದರು. ದೀನಾ ಬಾಯಿ ಕಿವಿಗೇ ಹಾಕಿಕೊಳ್ಳಲಿಲ್ಲ.

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಬೀರಲಿಂಗಪ್ಪನ ದಾಯಾದಿಗಳು “ಯಾರ ಮಗಳೋ ಏನೋ” ಎಂದು ಆಡಿಕೊಂಡದ್ದು ಆಕೆಯ ಕಿವಿಗೆ ಬಿತ್ತು. ಅವರ ಬಾಯಿ ಮುಚ್ಚಿಸಬೇಕೆಂದು ತಾನೇ ಹಟ ಹಿಡಿದಳು, ಪುಣ್ಯಾತ್ಗಿತ್ತಿ. ಸತ್ತೂರ ಆಸ್ಪತ್ರೆಯ ಲ್ಯಾಬಿನಲ್ಲಿದ್ದ ಆಕೆಯ ಮಗ ಡೆರಿಕ್ ಇಬ್ಬರ ರಕ್ತ ತೆಗೆದು ಡಿಎನ್‌ಎ ಪರೀಕ್ಷೆಗೆ ಹೈದರಾಬಾದಿಗೆ ಕಳಿಸಿದ. ಇಬ್ಬರೂ ಒಡಹುಟ್ಟಿದವರಲ್ಲವೆಂದು ಉತ್ತರ ಬಂತು.

“ಅವರಿಗೆ ಹೇಳೂದು ಬ್ಯಾಡ ಬಿಡವ್ವಾ,” ಎಂದ ಡೆರಿಕ್. ಆಕೆ ಕೇಳಲಿಲ್ಲ. ಮರುದಿನವೇ ರಾಯಾಪುರಕ್ಕೆ ಹೋದಳು.

“ಅಣ್ಣಾ, ನಾ ನಿನ್ನ ತಂಗಿ ಅಲ್ಲಂತ.”

“ಹಂಗಾರ ಸತ್ತ ಕೂಸು ನಮ್ಮದು,” ಎಂದ ಬೀರಲಿಂಗಪ್ಪ ಎದ್ದು ಹಿತ್ತಲಿಗೆ ಹೋದ. ಸಾವಿನ ಸುದ್ದಿ ಎಷ್ಟೇ ತಡವಾಗಿ ಬರಲಿ, ಕೇಳಿದ ಕೂಡಲೇ ಮನೆಯವರು ತಲೆಗೆ ನೀರು ಹಾಕಿಕೊಳ್ಳಬೇಕು. ಉಟ್ಟ ಬಟ್ಟೆಯಲ್ಲೇ ಕಲ್ಲಿನ ಮೇಲೆ ಕೂತ. ದುರಗವ್ವ ಅವನಿಗೆ ನೀರು ಸುರಿದು, ಮಕ್ಕಳಿಗೆ ಸುರಿದು, ತಾನೂ ಸುರಿದುಕೊಂಡಳು. ಐವತ್ತಕ್ಕೂ ಹೆಚ್ಚು ವರ್ಷದ ಹಿಂದೆ ಸತ್ತ ತಂಗಿಗಾಗಿ ಅವನು ಬಿಕ್ಕಿ ಬಿಕ್ಕಿ ಅತ್ತ.

ಅಣ್ಣನ ದುಃಖ ತನ್ನದಲ್ಲವೆಂದು ದೀನಾ ಬಾಯಿಯ ಜೀವ ಇನ್ನೂ ಒಪ್ಪಿರಲಿಲ್ಲ. ಹಿತ್ತಲಿಗೆ ನಡೆದು ತಲೆ ಬಗ್ಗಿಸಿ ನಿಂತಳು.

“ವೈನಿ, ನನಗೂ ಒಂದು ತಂಬಿಗಿ ಹಾಕು.”

ದುರಗವ್ವ ತಂಬಿಗೆ ಕೆಳಗಿಟ್ಟಳು. ಕೆಟ್ಟ ಮನಸ್ಸಿನವಳಲ್ಲ ಆಕೆ, ಮೆತ್ತಗೇ ಹೇಳಿದಳು.

“ನಿಮಗ ಬ್ಯಾಡ್ರಿ ಬಾಯಾರ. ಇದು ಮನಿ ಮಂದಿಗೆ.”