ದಿಂಬಂನ ಬೆಂಚಿನ ಮೇಲೊಂದು ನ್ಯಾಯಾಲಯ

ಮೊನ್ನೆ ಘಾಟಿಯ ತುದಿಯ ದಿಂಬಂನಲ್ಲಿ ಬಸ್ಸಿಳಿದಾಗ ಲಾರಿಯೊಂದರ ಸುಟ್ಟ ಬ್ರೇಕಿನ ವಾಸನೆ ಮೂಗಿಗೆ ಬಡಿಯಿತು. ಎದೆ ಹಿಗ್ಗಿತು. ಆ ವಾಸನೆಗೆ ಯಾರಾದರೂ ಸಂತೋಷಪಡುವುದುಂಟೆ? ನಾನು ಪಡುತ್ತೇನೆ. ಅದರ ಹಿಂದೆಯೇ ಕಾನೂನು ಮೇಷ್ಟ್ರು ನೆನಪಾಗುತ್ತಾರೆ...

ಅಪ್ಪ ತೀರಿಕೊಂಡ ಮರುವರ್ಷ. ದೊಡ್ಡಗಾಜನೂರಿನ ನಮ್ಮ ಹೊಲದಲ್ಲಿ ನನಗೆ ಪಾಲು ಬೇಡವೆಂದು ಬರೆದುಕೊಡಲು ಅಣ್ಣನ ಜೊತೆ ಸತ್ಯಮಂಗಲದ ನೋಂದಣಿ ಕಚೇರಿಗೆ ಹೊರಟಿದ್ದೆ. ಮದುವೆಯಾದ ಹೆಣ್ಣು ಹಾಗೆ ಬರೆದುಕೊಡುವುದು ವಾಡಿಕೆ. ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ಬಾಯಿಬಿಟ್ಟಿರಲಿಲ್ಲ. ದಿಂಬಂ ತಲುಪಿದರೆ, ಕೆಳಗಿನ ತಿರುವಿನಲ್ಲಿ ಬ್ರೇಕು ಸುಟ್ಟ ಲಾರಿ ಅಡ್ಡ ನಿಂತು ದಾರಿ ಕಟ್ಟಿತ್ತು. ಎಲ್ಲರೂ ಟೀ ಅಂಗಡಿಯ ಮುಂದೆ ಗೊಣಗುತ್ತ ಕುಳಿತೆವು.

ನಮ್ಮ ಬಸ್ಸಿನಲ್ಲೇ ಇದ್ದ ಮುದುಕರೊಬ್ಬರು, ಮೈಸೂರಿನಲ್ಲಿ ಕಾನೂನು ಪಾಠ ಹೇಳಿ ನಿವೃತ್ತರಾದವರಂತೆ, ಬೆಂಚು ಹತ್ತಿ ನಿಂತೇಬಿಟ್ಟರು!

"ಎರಡ್ನೇ ಮಹಾಯುದ್ಧದಲ್ಲಿ ಪೋಲೆಂಡಿನ ಸೈನಿಕ್ರು ಸೋತು, ಯಾರ ಪರಾನೂ ಇಲ್ದ ಸ್ವಿಟ್ಜರ್ಲೆಂಡಿನ ಗಡಿ ದಾಟುದ್ರು. ಅಲ್ನೋರು ಬಂದೂಕ ಕಿತ್ಕೊಂಡು ಶಿಬಿರದಲ್ಲಿ ಕೂಡಾಕುದ್ರು. ಅತ್ಲಾಗೂ ಓಗಂಗಿಲ್ಲ, ಇತ್ಲಾಗೂ ಬರಂಗಿಲ್ಲ. ಸುಮ್ನೆ ಕುಂತ್ರಾ ಅವ್ರು? ಅಲ್ಲೇ ಕಾನೂನು ಕಲ್ತ್ರು! ದೇಸ ಕೈಬುಟ್ಟೋದ್ರೂ ನಾಳಿಕೆ ನ್ಯಾಯ ಬೇಕಲ್ಲ ಅಂತ. ನಾವೂ ಈಗ ಅವ್ರಂಗೇ ಸಿಕ್ಕಾಕೊಂಡಿಲ್ವಾ? ಬನ್ನಿ, ಪಾಠ ಸುರುಮಾಡವ!"

ಅವರ ಕಣ್ಣಿನ ಹೊಳಪಿಗೆ ಎಲ್ಲರೂ ಎದ್ದು ಹತ್ತಿರ ಬಂದು ಕುಳಿತೆವು. ಟೀ ಅಂಗಡಿಯ ಅಕ್ಕ ನ್ಯಾಯಾಧೀಶೆಯಾದಳು. ಮೇಷ್ಟ್ರು ಒಂದು ವ್ಯಾಜ್ಯ ಕಟ್ಟಿದರು: ಅಪ್ಪ ಸತ್ತಿದ್ದಾನೆ, ಹೊಲವಿದೆ, ಅಣ್ಣ ತಂಗಿಗೆ ಪಾಲು ಕೊಡುತ್ತಿಲ್ಲ. ಥೇಟು ನಮ್ಮದೇ ಕತೆ. ನಮ್ಮ ವಿಷಯ ಅವರಿಗೆ ಗೊತ್ತೇ ಇರಲಿಲ್ಲ! ವ್ಯಾಜ್ಯದ ಅಣ್ಣನ ಪರ ವ್ಯಾನ್ ಡ್ರೈವರೊಬ್ಬ. ತಂಗಿಯ ಪರ ವಾದಿಸಲು ಅವರು ಬೆರಳು ಮಾಡಿದ್ದು ನನ್ನ ಅಣ್ಣನತ್ತ.

ಅಣ್ಣ ತಲೆ ಕೆರೆದುಕೊಂಡ. ಅಷ್ಟರಲ್ಲಿ ಡ್ರೈವರ್, "ಮದ್ವೆ ಮಾಡ್ಕೊಟ್ಟಿಲ್ವಾ? ಮುಗೀತು ಅವ್ಳ ಪಾಲು" ಎಂದ. ಅಣ್ಣನಿಗೆ ಸೋಲೆಂದರೆ ಆಗದು.

"ಮದ್ವೆ ಆದ್ರೆ ಮಗಳಲ್ವೇನ್ಲಾ? ಅದೇ ಒಲ್ದಲ್ಲಿ ಕಳೆ ಕಿತ್ತವ್ಳೆ! ಆನೆ ಬಂದಾಗ ಅಪ್ಪನ ಪಕ್ಕ ನಿಂತು ತಮಟೆ ಬಡ್ದವ್ಳೆ ಕಣ್ಲಾ! ಅವತ್ತು ನಾನು..."

ಅಣ್ಣ ತಟ್ಟನೆ ನನ್ನ ಮುಖ ನೋಡಿದ. ಜನರ ಶಿಳ್ಳೆ, ಚಪ್ಪಾಳೆ! ಅಕ್ಕ ಸೌಟಿನಿಂದ ಡಬ್ಬ ಬಡಿದು, "ತಂಗಿಗೂ ಪಾಲದೆ!" ಎಂದು ಕೂಗಿದಳು.

ದಾರಿ ತೆರೆಯಿತು. ಮೇಷ್ಟ್ರು ಕೈಬೀಸುತ್ತ ಸತ್ಯಮಂಗಲದ ಬಸ್ಸು ಹತ್ತಿದರು. ಅಣ್ಣ ನನ್ನನ್ನು ಕೆಳಗಿನಿಂದ ಬಂದು ನಮ್ಮೂರ ಕಡೆ ಹೊರಟಿದ್ದ ತಾಳವಾಡಿ ಬಸ್ಸಿನತ್ತ ಎಳೆದ.

"ಕಚೇರಿಗೆ ಓಗಲ್ವಾ ಅಣ್ಣ?"

"ಗೆದ್ದ ವಕೀಲ ನಾನೇ ಕಣಮ್ಮಿ. ಯಾವ ಮೊಕ ಇಟ್ಕೊಂಡು ಅಲ್ಲಿಗೋಗ್ಲಿ?"

ಇಂದು ನನ್ನ ಪಾಲಿನಲ್ಲಿ ಅರಿಸಿನ ಬೆಳೆದು ನಿಂತಿದೆ. ಮೊನ್ನೆ ಆ ಅಕ್ಕನಲ್ಲಿ ಮೇಷ್ಟ್ರ ಸುದ್ದಿ ಕೇಳಿದೆ. "ತೀರೋಗ್ಬುಟ್ರು ಕಣವ್ವ, ಓದ ವರ್ಸ" ಎಂದಳು. ಟೀ ಕೈಯಲ್ಲೇ ಆರಿತು. ಅಂದು ವ್ಯಾಜ್ಯದ ತಂಗಿ ಅಲ್ಲೇ, ಅವರ ಕಾಲ ಬಳಿಯೇ ಕುಳಿತಿದ್ದಳೆಂದು ಅವರಿಗೆ ಕೊನೆಗೂ ತಿಳಿಯಲಿಲ್ಲ...