ಅತ್ತೆಯ ತುಪ್ಪದ ಕೈ

ನಮ್ಮ ಅತ್ತೆ ಲೀಲಾಬಾಯಿ ಅವರ ಎರಡು ಗುಣ ವಿಜಾಪುರ ರಸ್ತೆಯ ನಮ್ಮ ಓಣಿಗೆಲ್ಲ ಗೊತ್ತು. ಬಾಯಿ ನಿಲ್ಲುವುದಿಲ್ಲ, ತುಪ್ಪದ ಕೈ ಮುಂದೆ ಬರುವುದಿಲ್ಲ. ಅಕ್ಕಲಕೋಟದ ತವರಿನಿಂದ ಡಬ್ಬಿಗಟ್ಟಲೆ ತುಪ್ಪ ಬಂದರೂ, ನನ್ನ ಹೋಳಿಗೆಯ ಮೇಲೆ ಅವರು ಹಾಕಿದ್ದನ್ನು ಹುಡುಕಲು ಕನ್ನಡಕ ಬೇಕು. ಇಂಥವರು ಸಿಖ್ಖರ ಮನೆಯ ಪ್ರಸಾದ ಮಾಡಲು ಹೊರಟರೆ ಸೊಸೆಯ ಜೀವ ಹೇಗಾಗಬೇಡ!

ಎದುರುಮನೆಯ ಬಲಬೀರ ಕೌರ್ ಜಾರಿ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದರು. ತೀರಿಕೊಂಡ ಗಂಡನ ವರ್ಷದ ದಿನ ಬಂದಿತ್ತು. ಮನೆಯಲ್ಲಿ ಗುರುವಾಣಿಯ ಪಾಠ, ಅಂದರೆ ಪಾರಾಯಣ; ಕೊನೆಗೆ ಎಲ್ಲರಿಗೂ ಹಂಚುವ ಕಡಾ ಪ್ರಸಾದ.

"ಅವರ ಹೆಸರಿನ ಪ್ರಸಾದ ಅಂಗಡಿಯಿಂದ ತರಸ್ಲೇನ್ರಿ ವಹಿನಿ?" ಎಂದು ಬಲಬೀರ ಕಣ್ಣೀರು ಹಾಕಿದ್ದೇ ತಡ, ಅತ್ತೆ ಸೆರಗು ಸಿಕ್ಕಿಸಿದರು.

"ಅಯ್ಯ, ನಾ ಸತ್ತೀನೇನ್ರಿ? ಶಿರಾ ಮಾಡೂದ್ರಾಗ ನನ್ನ ಮೀರಿಸವ್ರು ಯಾರದಾರ?"

"ಇದು ಶಿರಾ ಅಲ್ರಿ. ಗೋಧಿ ಹಿಟ್ಟು, ತುಪ್ಪ, ಸಕ್ಕರಿ ಮೂರೂ ಒಂದೇ ಅಳತಿ. ಮಾಡೋತನಕ ತಲಿ ಮ್ಯಾಲ ಸೆರಗು, ಬಾಯಾಗ ವಾಹೇಗುರು ನಾಮ. ಬ್ಯಾರೆ ಮಾತಿಲ್ಲ."

ಅತ್ತೆ ಒಪ್ಪಿದರು. ಮಾತನ್ನು ಉಳಿಸಿಕೊಂಡರು ಕೂಡ, ಆದರೆ ತಮ್ಮದೇ ರೀತಿಯಲ್ಲಿ. ಬಲಬೀರರ ಅಡುಗೆಮನೆಯ ಕಿಟಕಿಗೆ ಬಂದ ಬೆಕ್ಕಿಗೆ "ವಾಹೇಗುರು!" ಎಂದು ಗದರಿದರು. ಉರಿ ಸಣ್ಣ ಮಾಡೆಂದು ನನಗೆ ಹಲ್ಲು ಕಡಿದು "ವಾಹೇಗುರು". ಮೊಬೈಲು ಹಿಡಿದು ಬಾಗಿಲಲ್ಲಿ ನಿಂತ ಮಾವನವರಿಗೆ ಕಣ್ಣು ಕೆಕ್ಕರಿಸಿ ಇನ್ನೊಂದು. ಅವರು ತೆಪ್ಪಗೆ ಮನೆಗೆ ಹೋದರು. ಒಂದೇ ಹೆಸರಿನಲ್ಲಿ ಇಷ್ಟೊಂದು ಜನರನ್ನು ಬೈಯಬಹುದೆಂದು ನನಗೆ ಗೊತ್ತೇ ಇರಲಿಲ್ಲ.

ಹಿಟ್ಟು ಮಾತ್ರ ಮಣಿಯಲಿಲ್ಲ. ಉಂಡೆ ಕಟ್ಟಿ ತಳ ಹಿಡಿಯತೊಡಗಿತು. ಹೊರಗೆ ಪಾಠ ಮುಗಿಯುತ್ತ ಬಂದಿತ್ತು. ಬಲಬೀರ ಬಂದು ಬಾಣಲೆಯಲ್ಲಿ ಇಣುಕಿದವರೇ ಸಪ್ಪಗಾದರು.

"ತುಪ್ಪ ಎಲ್ಲಾ ಹಾಕೀರಲ್ರಿ ವಹಿನಿ?"

"ವಾಹೇಗುರು," ಎಂದರು ಅತ್ತೆ, ನೆಲ ನೋಡುತ್ತ.

ನನಗೆ ಅನುಮಾನ ಬಂತು. ಮೂಲೆಯ ತಾಟು ಎತ್ತಿದೆ. ಕೆಳಗೆ ಅರ್ಧ ಪಾತ್ರೆ ತುಪ್ಪ! ಒಂಟಿ ಹೆಂಗಸಿನ ಮನೆ, ಉಳಿದರೆ ನಾಳೆಗಾದೀತು ಎಂದು ತೆಗೆದಿಟ್ಟಿದ್ದರು ಪುಣ್ಯಾತ್ಗಿತ್ತಿ.

"ಅತ್ತೀ, ಹಾಕ್ರಿ ಅದನ್ನ!" ಎಂದು ಜೀವನದಲ್ಲಿ ಮೊದಲ ಸಲ ಅತ್ತೆಯ ಮೇಲೆ ರೇಗಿದೆ. ಅವರು ಕಣ್ಣು ಮುಚ್ಚಿ ಪಾತ್ರೆ ಬೋರಲು ಹಾಕಿದರು. ಹಿಟ್ಟು ಬಿಟ್ಟುಕೊಂಡಿತು, ಘಮ ಓಣಿಗೆಲ್ಲ ಹೋಯಿತು. ಆಮೇಲೆ ಸಕ್ಕರೆ ನೀರು ಸುರಿದೆವು.

ಪಾಠ ಮುಗಿದು ಪ್ರಸಾದ ಹಂಚುವಾಗ ಎಲ್ಲರೂ ನೆಲದ ಮೇಲೆ ಕೂತು ಎರಡೂ ಕೈ ಜೋಡಿಸಿ ಒಡ್ಡಿದರು. ಬಲಬೀರ ತಮ್ಮ ಪ್ಲಾಸ್ಟರ್ ನೋಡಿಕೊಂಡರು. "ನಂಗ ಒಂದ ಕೈ ಐತಲ್ರಿ," ಎಂದು ಎಡಗೈ ಒಡ್ಡಿದರು.

ಅತ್ತೆ ಸರಿದು ಕೂತು, ಆ ಎಡಗೈಗೆ ತಮ್ಮ ಬಲಗೈ ಜೋಡಿಸಿದರು. ಪ್ರಸಾದ ಬಿತ್ತು. ಇಬ್ಬರ ಬೆರಳ ಸಂದಿಯಲ್ಲೂ ತುಪ್ಪ ಇಳಿಯಿತು.

"ನಮ್ಮ ಸರದಾರಜಿಗೆ ಹಿಂಗೇ ತುಪ್ಪ ಸೋರೂ ಹಂಗ ಬೇಕಿತ್ರಿ," ಎಂದರು ಬಲಬೀರ, ಗಂಡನನ್ನು ನೆನೆದು.

ಈಗ ಅತ್ತೆ ಎಷ್ಟು ಬೇಕಾದರೂ ಮಾತಾಡಬಹುದಿತ್ತು. ಬಾಯಿಯನ್ನೂ ತೆರೆದರು. ಬಂದದ್ದು ಮಾತ್ರ "ವಾಹೇಗುರು". ಈ ಸಲ ಅವರು ಯಾರನ್ನೂ ಬೈಯುತ್ತಿರಲಿಲ್ಲ.